ಎರಡು ಸಾವಿರದ ಐನೂರ ಅರವತ್ತು ಅಡಿ ನೀರು

ನಮ್ಮೂರಿನ ಹೊಳೆಯನ್ನು ಜನ ದಾಟುತ್ತಾರೆ, ಎಮ್ಮೆಗಳು ದಾಟುತ್ತವೆ, ಒಲೆಯ ಹೊಗೆ ದಾಟುತ್ತದೆ, ಹುರಿದ ಮೆಣಸಿನಕಾಯಿಯ ಘಾಟು ಕೂಡ ದಾಟಿ ಬಂದು ಸೀನಿಸುತ್ತದೆ. ದನಿ ಮಾತ್ರ ದಾಟುವುದಿಲ್ಲ. ಈ ದಂಡೆಯಲ್ಲಿ ನಿಂತು ಎಷ್ಟೇ ಕೂಗಿದರೂ ಆ ದಂಡೆಯವರಿಗೆ ಕಾಣುವುದು ತೆರೆದ ಬಾಯಿ ಅಷ್ಟೇ. ತಂತಿಯೊಳಗೆ ಹಾಕಿ ಕಳಿಸಿದ ಮಾತಿಗೂ ಅದೇ ಗತಿ. ಸೇತುವೆಯ ನಡುಗಂಬದವರೆಗೆ ಬಂದು ನಿಂತುಬಿಡುತ್ತದೆ. ಹೀಗಾಗಿ ನಮ್ಮಲ್ಲಿ ಹಲಗೆ, ಬಳಪ ಬಹಳ ಖರ್ಚಾಗುತ್ತವೆ. ಆ ದಂಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬೆಳಿಗ್ಗೆ ಹತ್ತು ಗಂಟೆಗೆ ಹೊಳೆಗೆ ಬಂದು ಒಂದು ಬದನೆಕಾಯಿಯನ್ನೋ ಹೀರೇಕಾಯಿಯನ್ನೋ ಎತ್ತಿ ತೋರಿಸುತ್ತಾರೆ. ಈ ದಂಡೆಯಲ್ಲಿ ನಿಂತ ತಾಯಂದಿರಿಗೆ ಇವತ್ತಿನ ಪಲ್ಯ ಏನೆಂದು ತಿಳಿಯುತ್ತದೆ. ಮದುವೆಯ ಬ್ಯಾಂಡಿನವರು ಸೇತುವೆ ದಾಟುವಾಗ, ನಡುವಿನ ಸುಣ್ಣದ ಗೆರೆ ಬಂದಂತೆಲ್ಲ, ಹಿಂದೆ ಉಳಿದವರಿಗೆ ಮೊದಲು ಕೊಂಬು ನಿಲ್ಲುತ್ತದೆ, ಆಮೇಲೆ ತಾಳ, ಕೊನೆಗೆ ಡೋಲು. ಜಗಳವಾಡಬೇಕೆನಿಸಿದವರು ಗೆರೆಯ ಆಚೆ ಒಬ್ಬರು ಈಚೆ ಒಬ್ಬರು ನಿಂತು, ಬಾಯಿಗೆ ಬಂದದ್ದನ್ನೆಲ್ಲ ಬೈದು, ಒಬ್ಬರದು ಇನ್ನೊಬ್ಬರಿಗೆ ಕೇಳಿಸದೆ, ಹಗುರಾಗಿ ಮನೆಗೆ ಹೋಗುತ್ತಾರೆ.

ನನ್ನ ಹೆಸರು ಕಸ್ತೂರಿ. ಕಲ್ಲುದಂಡೆಯ ನೀರಿನ ಮನೆಯಲ್ಲಿ ಮೆಕ್ಯಾನಿಕ್ ಆಗಿ ಹದಿನಾರು ವರ್ಷವಾಯಿತು. ನಮ್ಮದು ಎತ್ತರದ ದಂಡೆ, ಹಾಗಾಗಿ ಪಂಪು, ಟ್ಯಾಂಕು, ಹೊಳೆಯ ನೀರು ಅಳೆಯುವ ಮಾಪಕಗಳು, ನೆರೆ ಬಂದರೆ ಕೂಗುವ ಸೈರನ್ ಎಲ್ಲ ನಮ್ಮ ಕಡೆಯೇ ಇವೆ. ಎದುರಿನದು ಮಣ್ಣುದಂಡೆ. ತಗ್ಗು. ಅಲ್ಲಿ ಇಟ್ಟಿಗೆ ಗೂಡುಗಳು, ಕುಂಬಾರರ ಮನೆಗಳು, ಕಾಯಿಪಲ್ಯದ ಮಡಿಗಳು. ನೆರೆ ಬಂದರೆ ಮೊದಲು ಮುಳುಗುವವರು ಅವರು. ಆದರೆ ಸೈರನ್ ಕೇಳಿಸುವುದು ನಮಗೆ.

ಇದಕ್ಕಾಗಿ ಇದ್ದವಳೇ ಹಾಲವ್ವ. ನೀರಿನ ಮನೆಯ ಮಾಳಿಗೆಯ ಮೇಲೆ, ಒಂದು ಕಬ್ಬಿಣದ ಸ್ಟೂಲಿನಲ್ಲಿ ಕೂತು, ಮೂವತ್ತೊಂದು ವರ್ಷದಿಂದ ಮಣ್ಣುದಂಡೆಗೆ ಬಾವುಟ ಬೀಸುತ್ತಿದ್ದಳು. ನಲ್ಲಿಗೆ ನೀರು ಬಿಟ್ಟರೆ ಹಸಿರು, ಹೊಳೆ ಏರಿದರೆ ಕೆಂಪು, ಭಯವಿಲ್ಲವೆಂದರೆ ಬಿಳಿ. ನಾನು ಹೇಳಹೊರಟ ಸಂಗತಿಯ ಹಿಂದಿನ ವರ್ಷ, ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮಳೆ ಎಷ್ಟು ದಟ್ಟವಾಗಿ ಹೊಡೆಯಿತೆಂದರೆ, ಹಾಲವ್ವ ಭುಜ ಇಳಿದುಹೋಗುವಷ್ಟು ಹೊತ್ತು ಕೆಂಪು ಬೀಸಿದರೂ ಎದುರಿನ ಒಬ್ಬರಿಗೂ ಕಾಣಲಿಲ್ಲ. ಒಣಗಲು ಇಟ್ಟಿದ್ದ ಹಸಿ ಇಟ್ಟಿಗೆಯೆಲ್ಲ ಕರಗಿ ಹೊಳೆ ಸೇರಿತು. ಇಬ್ಬರು ಮುದುಕರನ್ನು ಗೂಡಿನ ಮೇಲಿಂದ ಇಳಿಸಿ ತರಬೇಕಾಯಿತು. ಯಾರೂ ಸಾಯಲಿಲ್ಲ ಅನ್ನುವುದೇ ಪುಣ್ಯ.

ಮಳೆ ನಿಂತ ಮೇಲೆ ಹಾಲವ್ವ ನನ್ನ ಹತ್ತಿರ ಬಂದು, "ಕಸ್ತೂರಿ, ಒಂದು ಅರ್ಜಿ ಬರಕೊಡು," ಅಂದಳು.

"ಏನಂತ ಬರೀಲಿ ಯವ್ವಾ?"

"ನನ್ನ ಕೈಲೆ ಆಗೂದಿಲ್ಲಂತ. ವಯಸ್ಸಾತು, ಭುಜ ಏಳವಲ್ದು. ಮಳ್ಯಾಗೂ ಕಾಣೂವಂಥದ್ದು ಏನರ ಹಾಕ್ರಿ ಅಂತ. ಇನ್ನೊಂದು ಸಲ ಹಿಂಗಾತಂದ್ರ ನಾ ಅನ್ನ ಹೆಂಗ ಉಣ್ಣಲಿ?"

ನಾನು ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು. ಆರು ತಿಂಗಳಾದ ಮೇಲೆ ಪುರಸಭೆಯಿಂದ ಒಂದು ಡಬ್ಬಿ ಬಂತು. ಊಟದ ಡಬ್ಬಿಯಷ್ಟು ದೊಡ್ಡದು, ಬೂದು ಬಣ್ಣ, ಎರಡು ಕಡೆ ತಂತಿ ಸಿಕ್ಕಿಸುವ ತೂತುಗಳು, ನಡುವೆ ಮೂರು ಸಣ್ಣ ದೀಪ. ಜೊತೆಗೊಂದು ಪುಸ್ತಕ, ಅದರ ಭಾಷೆ ಊರಿನಲ್ಲಿ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ, ಚಿತ್ರಗಳು ಮಾತ್ರ ಚೆನ್ನಾಗಿದ್ದವು. ಈ ದಂಡೆಯ ಮಾಪಕಗಳ ಜಾಲಕ್ಕೂ ಆ ದಂಡೆಯ ಗಂಟೆಗಳ ಜಾಲಕ್ಕೂ ನಡುವೆ ನಿಂತು, ಇವುಗಳ ಮಾತನ್ನು ಅವುಗಳಿಗೆ ಹೇಳುವುದು ಅದರ ಕೆಲಸ. ದನಿಯಲ್ಲ, ಬರೀ ಅಂಕಿ. ಅಂಕಿಗೆ ಹೊಳೆ ದಾಟಲು ಅಡ್ಡಿಯಿರಲಿಲ್ಲ. ಊರವರು ಅದನ್ನು ದುಭಾಷಿ ಎಂದು ಕರೆದರು.

ಮಣ್ಣುದಂಡೆಯ ಗಂಟೆಗಳು ಮೌಲಾಸಾಬನವು. ರೇಡಿಯೋ ರಿಪೇರಿ ಮಾಡುವವನು, ಐವತ್ತರ ಆಸುಪಾಸು, ಮೀಸೆಯ ಒಂದು ತುದಿ ಸದಾ ಬೆಸುಗೆಯ ಕಾವಿಗೆ ಸುಟ್ಟಿರುತ್ತಿತ್ತು. ಹಿಂದಿನ ನೆರೆಯಾದ ಮೇಲೆ ತಾನೇ ಮುಂದೆ ಬಿದ್ದು, ತನ್ನ ಅಂಗಡಿಗೂ ಹೊಳೆಗೆ ಹತ್ತಿರದ ಇಪ್ಪತ್ತೊಂದು ಮನೆಗಳಿಗೂ ಒಂದೊಂದು ಕರೆಂಟಿನ ಗಂಟೆ, ಅದನ್ನು ನಿಲ್ಲಿಸಲು ಒಂದೊಂದು ಗುಂಡಿ ಹಾಕಿದ್ದ. ಗುಡ್ಡದ ಬುಡದಲ್ಲಿದ್ದ ತನ್ನ ಅಂಗಡಿಯಲ್ಲಿ ಒಂದು ಹಲಗೆ ಜೋಡಿಸಿ, ಅದರಲ್ಲಿ ನಾಲ್ಕು ಅಂಕಿ ಕಾಣುವ ಒಂದು ಕಿಂಡಿ ಇಟ್ಟಿದ್ದ. ಹೊಳೆಯ ನೀರು ಎಷ್ಟು ಅಡಿ ಎಂದು ಅಲ್ಲಿ ಕಾಣಬೇಕು. ಹದಿನೆಂಟು ದಾಟಿದರೆ ಎಲ್ಲ ಗಂಟೆಗಳೂ ತಾವಾಗಿಯೇ ಬಾರಿಸಬೇಕು.

ತೊಂದರೆ ಇದ್ದದ್ದು ಎರಡೂ ಕಡೆಯ ಸ್ವಭಾವದಲ್ಲಿ. ನಮ್ಮ ಮಾಪಕಗಳು ಸರ್ಕಾರಿ ಶಿಸ್ತಿನವು. ಒಂದೊಂದನ್ನು ನಂಬರು ಹಿಡಿದು ಕರೆದು ಕೇಳಿದರೆ ಉತ್ತರ ಕೊಡುತ್ತವೆ, ಇಲ್ಲವಾದರೆ ವರ್ಷಗಟ್ಟಲೆ ಸುಮ್ಮನಿರುತ್ತವೆ. ಮೌಲಾಸಾಬನವು ಹಾಗಲ್ಲ. ಯಾವುದಕ್ಕೆ ಏನು ಅನಿಸಿದರೂ ಯಾರೂ ಕೇಳದೆಯೇ ಎಲ್ಲರಿಗೂ ಹೇಳಿಬಿಡುತ್ತವೆ. ದುಭಾಷಿ ಇವನ್ನು ಕೇಳುತ್ತ ಹೋಗಬೇಕು, ಅವುಗಳ ಗದ್ದಲದಲ್ಲಿ ಜಾಗ ನೋಡಿ ಹೇಳಬೇಕು.

ಸೇತುವೆಯ ನಡುಗಂಬದ ಮೇಲೆ, ನೆರೆ ನೀರು ಮುಟ್ಟದ ಗೂಡಿನಲ್ಲಿ ಡಬ್ಬಿ ಕೂರಿಸಿದೆವು. ಸುಣ್ಣದ ಗೆರೆಯ ಈಚೆ ನಾನು, ಆಚೆ ಅವನು, ನಡುವೆ ಮೊಳದಷ್ಟೂ ಅಂತರವಿಲ್ಲ. ಅವನು ಸ್ಕ್ರೂಡ್ರೈವರ್ ಬೇಕೆಂದು ಬಾಯಿ ಆಡಿಸುತ್ತಾನೆ, ನನಗೆ ಕೇಳಿಸುವುದಿಲ್ಲ. ನಾನು ತಂತಿ ಎಳೆಯಬೇಡ ಅನ್ನುತ್ತೇನೆ, ಅವನು ಎಳೆಯುತ್ತಾನೆ. ಏನಾದರೂ ಮಾತಾಡಬೇಕಾದರೆ ಒಬ್ಬರು ಗೆರೆ ದಾಟಬೇಕು. ಮೊದಲ ದಿನವೇ ನಲವತ್ತು ಸಲವಾದರೂ ದಾಟಿರಬೇಕು. ಸಂಜೆಗೆ ಮೌಲಾಸಾಬ ನನ್ನ ಕಡೆ ಬಂದು ನಿಂತು, "ಕಸ್ತೂರಿ ತಂಗಿ, ನನ್ನ ಮೊಣಕಾಲು ಸವದ್ವು. ನಾಳಿಂದ ನಿಮ್ಮ ಕಡೆನೇ ಕುಂದರ್ತೀನಿ. ಕೈ ಅಷ್ಟ ಆ ಕಡೆ ಚಾಚತೀನಿ," ಅಂದ.

ಡಬ್ಬಿ ಕೂರಿಸಿದ್ದಾಯಿತು. ಆದರೆ ಪರೀಕ್ಷೆ ಮಾಡುವಾಗ ನಾನು ನೀರಿನ ಮನೆಯ ಪ್ಯಾನೆಲ್ ಮುಂದೆ ಇರಬೇಕು, ಅವನು ತನ್ನ ಅಂಗಡಿಯಲ್ಲಿರಬೇಕು. ನಡುವೆ ಅರ್ಧ ಮೈಲಿ, ಒಂದು ಹೊಳೆ. ಆಗ ನಮಗೆ ಒದಗಿದವಳು ಹಾಲವ್ವ. ಮಾಳಿಗೆಯ ಮೇಲಿಂದ ಅವಳಿಗೆ ಅಂಗಡಿಯ ಕಟ್ಟೆ ಕಾಣುತ್ತಿತ್ತು. ಕೆಳಗೆ ಬಗ್ಗಿದರೆ ನನ್ನ ಕಿಟಕಿ ಸಿಗುತ್ತಿತ್ತು. ಅವಳ ಬಾವುಟಗಳಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಮಾತೇ ಇರಲಿಲ್ಲ, ಅದನ್ನೂ ಅವಳೇ ಹುಟ್ಟಿಸಿದಳು. ಏನೂ ಬರಲಿಲ್ಲವೆಂದರೆ ಹಸಿರನ್ನು ತಲೆಕೆಳಗು ಹಿಡಿಯುವುದು. ತಪ್ಪು ಬಂತೆಂದರೆ ಗರಗರ ತಿರುಗಿಸುವುದು. ವೇಗ ಹೆಚ್ಚಾಯಿತೆಂದರೆ ಹಸಿರು ಬಿಳಿ ಎರಡನ್ನೂ ಕೂಡಿಸಿ ಪಟಪಟ ಬಡಿಯುವುದು. ಮೌಲಾಸಾಬ ಕಟ್ಟೆಯ ಮೇಲೆ ನಿಂತು ತನ್ನ ತಲೆಗೆ ಸುತ್ತಿದ ಟವೆಲಿನಿಂದಲೇ ಉತ್ತರ ಕೊಡುತ್ತಿದ್ದ.

ನಾಲ್ಕು ದಿನ ತಲೆಕೆಳಗು ಹಸಿರೇ. ಎರಡು ತಂತಿ ಅದಲುಬದಲಾಗಿದ್ದವು, ಸರಿಪಡಿಸಿದೆವು. ನಮ್ಮ ಮಾಪಕ ನಿಧಾನಕ್ಕೆ ಹೇಳುತ್ತಿತ್ತು, ದುಭಾಷಿ ಅವಸರದಲ್ಲಿ ಕೇಳುತ್ತಿತ್ತು, ಅದನ್ನೂ ಹೊಂದಿಸಿದೆ. ಐದನೆಯ ದಿನ, ಗುರುವಾರ, ಹನ್ನೆರಡೂವರೆ ಹೊತ್ತಿಗೆ ಎರಡೂ ಕಡೆ ಕೂಡಿಕೊಂಡವೆಂದು ತೋರಿಸುವ ಡಬ್ಬಿಯ ಮೂರನೇ ದೀಪ ಹೊತ್ತಿತೆಂದು ಪ್ಯಾನೆಲ್ ಹೇಳಿತು. ಹೊಳೆಯಲ್ಲಿ ಹತ್ತು ಅಡಿ ನೀರಿತ್ತು. ಹತ್ತು ಎಂದು ಕಳಿಸಿದೆ.

ಅದೇ ಹೊತ್ತಿಗೆ ಮಣ್ಣುದಂಡೆಯಲ್ಲಿ ಕುಂಬಾರ ದ್ಯಾಮಣ್ಣನ ಮಗಳ ಮದುವೆಯ ಊಟ ನಡೆಯುತ್ತಿತ್ತು. ಎರಡನೇ ಪಂಕ್ತಿಗೆ ಎಲೆ ಹಾಕಿದ್ದರಂತೆ, ಹುಗ್ಗಿ ಬಡಿಸುತ್ತಿದ್ದರಂತೆ. ಇಪ್ಪತ್ತೆರಡು ಗಂಟೆಗಳು ಒಟ್ಟಿಗೆ ಬಾರಿಸಿದವು.

ಈ ಕಡೆ ನಮಗೆ ಏನೂ ಕೇಳಿಸಲಿಲ್ಲ. ಹಾಲವ್ವ ಮೇಲಿನಿಂದ ಕೂಗಿದಳು: "ಕಸ್ತೂರಿ! ಮದುವಿ ಮಂದಿ ಗುಡ್ಡ ಹತ್ತಾಕತ್ತೈತಿ!" ನಾನು ಮಾಳಿಗೆಗೆ ಓಡಿದೆ. ಸಾಲುಸಾಲಾಗಿ ಜನ ಗುಡ್ಡ ಏರುತ್ತಿದ್ದರು. ನಾಲ್ಕು ಜನ ಹುಗ್ಗಿಯ ಕೊಪ್ಪರಿಗೆಗೆ ಬೊಂಬು ಹಾಕಿ ಹೊತ್ತಿದ್ದರು. ಒಬ್ಬ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿದ್ದರು. ಮದುಮಗ ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮದುಮಗಳನ್ನು ಎಳೆಯುತ್ತಿದ್ದ; ಅಲ್ಲ, ಅವಳೇ ಅವನನ್ನು ಎಳೆಯುತ್ತಿದ್ದಳು. ಹಾಲವ್ವ ಬಿಳಿ ಬಾವುಟ ಬೀಸೇ ಬೀಸಿದಳು. ಗಂಟೆ ಬಾರಿಸುವಾಗ ಬಾವುಟ ಯಾರು ನೋಡುತ್ತಾರೆ?

ಸೇತುವೆ ದಾಟಿ ಗುಡ್ಡ ಹತ್ತುವ ಹೊತ್ತಿಗೆ ನನಗೆ ಏದುಸಿರು. ಮೌಲಾಸಾಬ ನನಗಿಂತ ಮೊದಲೇ ಅಲ್ಲಿದ್ದ, ಮುಖ ಸಣ್ಣದಾಗಿತ್ತು. ಕಿಂಡಿಯಲ್ಲಿ ಬಂದ ಅಂಕಿ ನೋಡಿದ ಕೂಡಲೇ ತಂತಿ ಕಿತ್ತು ಒಗೆದಿದ್ದನಂತೆ. ಆದರೆ ಒಮ್ಮೆ ಶುರುವಾದ ಗಂಟೆಯನ್ನು ಆಯಾ ಮನೆಯ ಗುಂಡಿ ಒತ್ತಿಯೇ ನಿಲ್ಲಿಸಬೇಕು, ಮನೆಯಲ್ಲಿ ಉಳಿದಿದ್ದವರು ಯಾರು?

"ನೀರಿಲ್ಲ, ಏನಿಲ್ಲ. ಎಲ್ಲಾರೂ ಇಳೀರಿ. ನಮ್ಮ ತಪ್ಪು," ಅಂದೆ.

ಕುರ್ಚಿಯಲ್ಲಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ಅಡಿ ಅಂತಂತವ್ವಾ ನಿನ್ನ ಡಬ್ಬಿ?"

"ಎರಡು ಸಾವಿರದ ಐನೂರ ಅರವತ್ತು," ಅಂದ ಮೌಲಾಸಾಬ.

ಅಜ್ಜಿ ಗುಡ್ಡದ ತುದಿ ನೋಡಿ, "ಹಂಗಾದ್ರ ಈ ಗುಡ್ಡ ಎಲ್ಲಿ ಸಾಲತಿತ್ತು? ಸುಮ್ನ ಉಂಡು ಕುಂತಿದ್ರಾಗತಿತ್ತು," ಅಂದಳು.

ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಹೇಗೂ ಹತ್ತಿದ್ದೇವೆ ಎಂದು ಅಲ್ಲೇ ಬಂಡೆಯ ಮೇಲೆ ಎಲೆ ಹಾಕಿ ಎರಡನೇ ಪಂಕ್ತಿ ಮುಗಿಸಿದರು. ಗಾಳಿಗೆ ಎಲೆ ಹಾರುತ್ತವೆಂದು ಒಬ್ಬೊಬ್ಬರೂ ಎಲೆಯ ತುದಿಗೆ ಒಂದೊಂದು ಕಲ್ಲು ಇಟ್ಟುಕೊಂಡಿದ್ದರು. ನನಗೂ ಹುಗ್ಗಿ ಬಡಿಸಿದರು. ನಗದೆ ಇದ್ದವನು ದ್ಯಾಮಣ್ಣ ಒಬ್ಬನೇ. ನನ್ನ ಎದುರಿಗೆ ಬಂದು ನಿಂತು, "ನನ್ನ ಮಗಳ ಅಕ್ಕಿಕಾಳು ತುಳದಾಡಿ ಬಂದೀವಿ ನಾವು. ಇನ್ನ ಮ್ಯಾಲ ನಿನ್ನ ಡಬ್ಬಿ ಒದರಲಿ, ಬಿಡಲಿ, ನಾ ಅಂತೂ ಏಳಾಂವಲ್ಲ," ಎಂದು ಹೇಳಿ ಹೋದ. ಅವನ ಮಾತು ನನಗೆ ನಾಟಿತು.

ಮರುದಿನ ಮೌಲಾಸಾಬನ ಅಂಗಡಿಯಲ್ಲಿ ನಾವಿಬ್ಬರೂ ಪುಸ್ತಕ ಬಿಡಿಸಿಕೊಂಡು ಕೂತೆವು. ತಪ್ಪು ಸಿಕ್ಕಿದ್ದು ಮಧ್ಯಾಹ್ನದ ಚಹಾದ ಹೊತ್ತಿಗೆ. ಯಾವ ಅಂಕಿಯೇ ಆಗಲಿ ತಂತಿಯಲ್ಲಿ ಎರಡು ತುಂಡಾಗಿ ಹೋಗುತ್ತದೆ. ನಮ್ಮ ಮಾಪಕಗಳು ದೊಡ್ಡ ತುಂಡನ್ನು ಮೊದಲು ಕಳಿಸುತ್ತಿದ್ದವು, ಅವನ ಹಲಗೆ ಸಣ್ಣ ತುಂಡು ಮೊದಲು ಬಂತೆಂದು ತಿಳಿಯುತ್ತಿತ್ತು. ಸೀರೆಯನ್ನು ಸೆರಗಿನಿಂದ ಉಡಲು ಶುರು ಮಾಡಿದ ಹಾಗೆ. ಹೀಗೆ ತುಂಡು ತಿರುಗಿದರೆ ನಮ್ಮ ಹೊಳೆಯ ಅಳತೆಯಂಥ ಸಣ್ಣ ಅಂಕಿ ಇನ್ನೂರ ಐವತ್ತಾರು ಪಟ್ಟಾಗಿಬಿಡುತ್ತದೆ. ಹತ್ತು ಹೋಗಿ ಎರಡು ಸಾವಿರದ ಐನೂರ ಅರವತ್ತು. ಮೌಲಾಸಾಬನಿಗೆ ಇದು ಎಷ್ಟು ಹಿಡಿಸಿತೆಂದರೆ, ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಒಂದರಿಂದ ಇಪ್ಪತ್ತೈದರವರೆಗೆ ಇನ್ನೂರ ಐವತ್ತಾರರ ಮಗ್ಗಿ ಬರೆದು ಗೋಡೆಗೆ ಅಂಟಿಸಿದ. "ಇನ್ನ ಏನ ಬಂದ್ರೂ ನಾ ಮೋಸಹೋಗಾಂವಲ್ಲ," ಅಂದ. ಡಬ್ಬಿಯಲ್ಲಿ ಒಂದು ಕಡೆ 'ತಿರುಗಿಸು' ಎಂದು ಗುರುತು ಮಾಡಿದ್ದೇ ತಡ, ಕಿಂಡಿಯಲ್ಲಿ ಹತ್ತು ಎಂದು ಬಂತು. ಒಂದೇ ಒಂದು ಗುರುತು. ಅದಕ್ಕಾಗಿ ಒಂದು ಮದುವೆ ಗುಡ್ಡ ಹತ್ತಿತ್ತು.

ಯಂತ್ರ ಸರಿಯಾಯಿತು, ಜನ ಆಗಲಿಲ್ಲ. ಮಣ್ಣುದಂಡೆಯವರು ಗಂಟೆಗಳಿಗೆ ಬಟ್ಟೆ ಸುತ್ತಿದ್ದರು. ಹಳೆಯ ಪಂಚೆ, ಕುಲಾವಿ, ಗೋಣಿಚೀಲದ ತುಂಡು. ಮಳೆಗಾಲಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ಒಂದು ದಿನ ಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಹಾಲವ್ವ ಬಂದು ಪಕ್ಕದಲ್ಲಿ ಕೂತಳು.

"ನಾ ಹೊಸದಾಗಿ ಬಂದಾಗ ನನ್ನೂ ಯಾರು ನಂಬಿದ್ರು?" ಅಂದಳು. "ಕೆಂಪು ಬೀಸಿದ್ರ ಮಂದಿ ಬಂದು ಹೊಳಿ ನೋಡಿಕ್ಯಾಸ ಹೋಗತಿದ್ರು. ಆಮ್ಯಾಲೆ ನಾ ನೀರು ಬಿಟ್ಟಾಗೆಲ್ಲಾ ಹಸರ ಬೀಸಾಕ ಚಾಲೂ ಮಾಡಿದೆ. ದಿನಾ ಎರಡು ಹೊತ್ತು. ಹಸರ ಬೀಸಿದ್ಲು, ನಲ್ಯಾಗ ನೀರು ಬಂತು. ಹಿಂಗ ವರ್ಷ ಆದಮ್ಯಾಲೆ ಕೆಂಪಿಗೂ ಎದ್ದು ಹೊಂಟ್ರು. ನಿನ್ನ ಡಬ್ಬಿ ನೆರಿ ಬಂದಾಗಷ್ಟ ಬಾಯಿ ಬಿಡ್ತೀನಂದ್ರ ಹೆಂಗ? ದಿನಾ ಏನರ ಸಣ್ಣಂದು ಹೇಳಲಿ."

ಹಾಗೆಯೇ ಮಾಡಿದೆವು. ದಿನಾ ಬೆಳಿಗ್ಗೆ ಏಳು ಗಂಟೆಗೆ ಮೌಲಾಸಾಬ ಕಿಂಡಿಯ ಅಂಕಿಯನ್ನು ಅಂಗಡಿಯ ಮುಂದಿನ ಹಲಗೆಯಲ್ಲಿ ಬರೆಯುತ್ತಿದ್ದ. ಬಟ್ಟೆ ಒಗೆಯಲು ಹೋಗುವ ಹೆಂಗಸರು ಅದನ್ನು ಓದಿಕೊಂಡು ಹೋಗಿ, ಹೊಳೆಯ ದಂಡೆಯಲ್ಲಿ ಅಡಿ ಗುರುತು ಹಾಕಿ ನೆಟ್ಟಿದ್ದ ಬೊಂಬು ನೋಡುತ್ತಿದ್ದರು. ಮೊದಮೊದಲು ತಪ್ಪು ಹಿಡಿಯಲೆಂದೇ ನೋಡಿದರು. ಎರಡು ವಾರವಾದ ಮೇಲೆ ಬೊಂಬೇ ಸರಿದಿದೆಯೇನೋ ಎಂದು ಬೊಂಬಿನ ಬುಡ ಪರೀಕ್ಷಿಸಿದರು. ಆಮೇಲೆ ಒಂದೊಂದಾಗಿ ಗಂಟೆಗಳ ಬಟ್ಟೆಗಳು ಕಳಚಿದವು. ಇಷ್ಟರಲ್ಲಿ ಮೌಲಾಸಾಬ ಇನ್ನೊಂದು ಹಟ ಹಿಡಿದಿದ್ದ. "ನೀವು ಹೇಳೂದು ಆತು. ನಾವು ಕೇಳಿಸ್ಕೊಂಡೀವಂತ ಹೇಳೂದು ಬ್ಯಾಡೇನು? ಡಬ್ಬಿಗೆ ಎರಡೂ ಕಡೆ ಬಾಯಿ ಐತಲ್ಲ." ಪುರಸಭೆ ಕೇಳಿದ್ದು ಒಂದೇ ಕಡೆಯ ಮಾತು. ಆದರೂ ನಾವಿಬ್ಬರೂ ಸೇರಿ ಮನೆಮನೆಯ ಗುಂಡಿಯನ್ನೂ ಡಬ್ಬಿಗೆ ಹೊಂದಿಸಿದೆವು. ಗಂಟೆ ನಿಲ್ಲಿಸಲು ಅವರು ಗುಂಡಿ ಒತ್ತಿದರೆ ನೀರಿನ ಮನೆಯಲ್ಲಿ ಆ ಮನೆಯ ನಂಬರಿನ ದೀಪ ಹೊತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಇಪ್ಪತ್ತೆರಡು ಸಣ್ಣ ದೀಪಗಳ ಸಾಲನ್ನು ಪ್ಯಾನೆಲ್ ಪಕ್ಕ ಗೋಡೆಗೆ ಬಿಗಿದೆ.

ಆಷಾಢದ ಒಂದು ಶುಕ್ರವಾರ ಬೆಳಗಿನಿಂದಲೇ ಮೋಡ ಕಟ್ಟಿತ್ತು. ಎರಡು ಗಂಟೆಗೆ ಮಳೆ ಹಿಡಿಯಿತು. ಮೇಲಿನ ಅಣೆಕಟ್ಟೆ ತುಂಬಿ ನೀರು ಬಿಟ್ಟರೆಂದು ಸುದ್ದಿ ಬರುವಷ್ಟರಲ್ಲೇ ಮಾಪಕ ಹದಿಮೂರು ತೋರಿಸಿತು, ಹದಿನೈದು, ಹದಿನೇಳು. ಹಾಲವ್ವ ಕೆಂಪು ಬಾವುಟ ಹಿಡಿದು ಮಾಳಿಗೆ ಹತ್ತಿದವಳು ಹತ್ತೇ ನಿಮಿಷದಲ್ಲಿ ನೀರು ಸುರಿಸುತ್ತ ಇಳಿದು ಬಂದಳು. "ಸೇತುವಿನೇ ಕಾಣವಲ್ದು ಕಸ್ತೂರಿ. ಹೋದ ವರ್ಷದಂಗ ಆತು." ಬಾವುಟ ಅವಳ ಕೈಯಲ್ಲಿ ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಹದಿನೆಂಟು ದಾಟಿತು. ನಮ್ಮ ಸೈರನ್ ಕೂಗಿತು. ಆ ಕಡೆ ಗಂಟೆಗಳು ಬಾರಿಸಿದವೋ ಇಲ್ಲವೋ ತಿಳಿಯಲು ನಮಗಿದ್ದದ್ದು ಆ ದೀಪಗಳಷ್ಟೇ. ಇಬ್ಬರೂ ಗೋಡೆಯ ಮುಂದೆ ನಿಂತೆವು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಂಬತ್ತನೆಯ ದೀಪ ಹೊತ್ತಿತು.

"ಯಾರದದು?" ಅಂದಳು ಹಾಲವ್ವ. ಅವಳಿಗೆ ನಂಬರುಗಳ ಲೆಕ್ಕ ಗೊತ್ತಿರಲಿಲ್ಲ. ನಾನು ಯಾವ ಜಾಗವೆಂದು ಹೇಳಿದರೆ ಸಾಕಿತ್ತು. "ಗೂಡಿನ ಪಕ್ಕದ ಮನೆ," ಅಂದೆ.

"ಹಾಂ, ಕೆಂಪು ಹಂಚಿನ ಮನಿ. ಅಲ್ಲೊಂದು ಕುಂಟ ಕರ ಐತಿ. ಕರ ಬಿಚ್ಚಿಕೊಂಡು ಹೋಗಲಿ ಅವ್ರು."

ಮೂರು, ಹದಿನೇಳು, ಆಮೇಲೆ ನಾಲ್ಕೂ ಎರಡೂ ಒಟ್ಟಿಗೆ. ಒಂದೊಂದು ಹೊತ್ತಿದಾಗಲೂ ಅವಳು ಆ ಮನೆಯನ್ನು ಹೇಳುತ್ತಿದ್ದಳು. ಅಲ್ಲಿನ ಮುದುಕ ಹಗಲೆಲ್ಲ ಹಾಸಿಗೆ ಬಿಸಿಲಿಗೆ ಹಾಕುವುದು, ಇಲ್ಲಿನ ಸೊಸೆ ದಿನಕ್ಕೆ ಮೂರು ಸಲ ತಲೆ ಬಾಚಿಕೊಳ್ಳುವುದು. ಮೂವತ್ತೊಂದು ವರ್ಷ ಅವಳು ಬಾವುಟ ಬೀಸಿದ್ದಳು. ಒಮ್ಮೆಯೂ ಆ ಕಡೆಯ ಮನೆಗಳಿಂದ ಕಂಡೆವೆಂದು ಉತ್ತರ ಬಂದಿರಲಿಲ್ಲ. ಈಗ ಗೋಡೆಯಿಂದ ಮನೆಮನೆಯೂ ಉತ್ತರ ಕೊಡುತ್ತಿತ್ತು. ಅವಳು ಬಾವುಟದಿಂದಲೇ ಕಣ್ಣು ಒರೆಸಿಕೊಂಡಳು. ಮಳೆ ನೀರೇ ಇರಬಹುದು.

ಇಪ್ಪತ್ತೊಂದು ದೀಪ ಹೊತ್ತಿದವು. ಒಂದು ಹೊತ್ತಲಿಲ್ಲ. ಹದಿನಾಲ್ಕು. ದ್ಯಾಮಣ್ಣನ ಮನೆ.

"ಬಾಗಿಲ ಮುಂದ ಹುಣಸಿ ಗಿಡ ಇರೂದಲ್ಲ?" ಹಾಲವ್ವನ ದನಿ ಇಳಿಯಿತು. "ಎಲ್ಲಾಕ್ಕಿಂತ ಹೊಳಿಗೆ ಹತ್ತಿರ ಅದು. ಮಳಿ ಬಂದ್ರ ಗಂಡ ಹೆಂಡ್ತಿ ಇಬ್ರೂ ಹಿಂದಿನ ತಗಡಿನ ಚಪ್ಪರಕ್ಕ ಹೋಗಿ ಗಡಿಗಿ ಎತ್ತಿಡ್ತಾರ. ಆ ತಗಡಿನ ಸಪ್ಪಳದಾಗ ಗುಡುಗು ಬಿದ್ರೂ ಕೇಳೂದಿಲ್ಲ."

ಐದು ನಿಮಿಷ ಕಾದೆವು. ಹತ್ತೊಂಬತ್ತು ಅಡಿ. ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ಹೋಗುವಂತಿರಲಿಲ್ಲ. ಮೌಲಾಸಾಬ ಅಂಗಡಿಯಲ್ಲೇ ಇದ್ದಾನೆಂದು ಗೊತ್ತಿತ್ತು, ಕೊನೆಯವರೆಗೂ ಹಲಗೆ ಬಿಟ್ಟು ಕದಲುವುದಿಲ್ಲವೆಂದು ಮೊದಲೇ ಹೇಳಿದ್ದ. ಆದರೆ ಯಾವ ಮನೆ ಉತ್ತರ ಕೊಟ್ಟಿಲ್ಲವೆಂದು ಕಾಣುವುದು ನನಗೆ, ಅವನಿಗಲ್ಲ. ಅವನ ಹತ್ತಿರ ಇದ್ದದ್ದು ನೀರಿನ ಅಡಿ ತೋರಿಸುವ ಆ ಒಂದು ಕಿಂಡಿ. ಮಾಪಕವನ್ನು ಬಿಡಿಸಿ ನಾನೇ ಒಂದು ಅಂಕಿ ಬರೆದು ಕಳಿಸಲು ಸಾಧ್ಯವಿತ್ತು. ಹದಿನಾಲ್ಕು ಎಂದು ಒತ್ತಲು ಬೆರಳು ಚಾಚಿದವಳು ತಡೆದೆ. ಹತ್ತೊಂಬತ್ತು ಇದ್ದದ್ದು ಹದಿನಾಲ್ಕಾದರೆ ನೀರು ಇಳಿಯಿತೆಂದು ಓದುತ್ತಾನೆ. ಗುಡ್ಡ ಹತ್ತಿದ ಜನರಿಗೆ ಇಳಿಯಿರಿ ಅನ್ನುತ್ತಾನೆ. ಅದಕ್ಕಿಂತ ಏನೂ ಹೇಳದಿರುವುದೇ ಮೇಲು.

ನೀರಿನ ಅಳತೆಯೆಂದು ಯಾರೂ ತಪ್ಪು ತಿಳಿಯಲಾರದ ಅಂಕಿ ಬೇಕಿತ್ತು. ಹಾಗೆ ಅಂದುಕೊಂಡ ಕೂಡಲೇ ಮೌಲಾಸಾಬನ ಗೋಡೆಯ ಮಗ್ಗಿ ನೆನಪಾಯಿತು. ಪೆನ್ಸಿಲ್ ತೆಗೆದುಕೊಂಡು ಹದಿನಾಲ್ಕನ್ನು ಇನ್ನೂರ ಐವತ್ತಾರರಿಂದ ಗುಣಿಸಿದೆ. ಮೊದಲ ಸಲ ತಪ್ಪಿತು. ಎರಡನೆಯ ಸಲ ಮೂರು ಸಾವಿರದ ಐನೂರ ಎಂಬತ್ನಾಲ್ಕು ಬಂತು. ಕಳಿಸಿದೆ.

"ಏನಂತ ಕಳಿಸಿದಿ?" ಅಂದಳು ಹಾಲವ್ವ.

"ಮೂರೂವರೆ ಸಾವಿರ ಅಡಿ ನೀರು ಬಂದೈತಂತ."

ಅವಳು ನನ್ನ ಮುಖವನ್ನೇ ನೋಡಿದಳು. ನನಗೆ ಹುಚ್ಚು ಹಿಡಿಯಿತೆಂದುಕೊಂಡಿರಬೇಕು. ಅವನೂ ಹಾಗೆಯೇ ಅಂದುಕೊಂಡರೆ? ಡಬ್ಬಿ ಮತ್ತೆ ಕೆಟ್ಟಿತೆಂದು ತಂತಿ ಕಿತ್ತರೆ? ಮೌಲಾಸಾಬನ ಅಂಗಡಿಯದು ಒಂದನೇ ನಂಬರು. ಅದನ್ನೇ ನೋಡುತ್ತ ನಿಂತೆ. ದೀಪ ಆರಿತು. ಹೊತ್ತಿತು, ಆರಿತು, ಹೊತ್ತಿತು, ಆರಿತು, ಹೊತ್ತಿತು. ಮೂರು ಸಲ. ಆಮೇಲೆ ಸುಮ್ಮನೆ ಉರಿಯಿತು.

"ತಿಳೀತವನಿಗೆ," ಅಂದೆ. ನೆಲದ ಮೇಲೆ ಕೂತೆ.

ಹದಿನಾಲ್ಕನೆಯ ದೀಪ ಹೊತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಹೊತ್ತಿದ್ದು ಮಾತ್ರ ಒಂದು ಸಲವಲ್ಲ. ಹೊತ್ತಿ ಆರಿ ಹೊತ್ತಿ ಆರಿ, ಯಾರೋ ಗುಂಡಿಯನ್ನು ಗುದ್ದುತ್ತಿರುವ ಹಾಗೆ. ಹಾಲವ್ವ ಜೋರಾಗಿ ನಕ್ಕಳು. ಆಮೇಲೆ ತಿಳಿಯಿತು: ಮೌಲಾಸಾಬ ಇನ್ನಿಬ್ಬರನ್ನು ಕರೆದುಕೊಂಡು ಹಗ್ಗ ಹಿಡಿದು ಸೊಂಟಮಟ್ಟದ ನೀರಿನಲ್ಲಿ ಹೋದಾಗ, ದ್ಯಾಮಣ್ಣ ಮತ್ತು ಅವನ ಹೆಂಡತಿ ಚಪ್ಪರದಲ್ಲಿ ಗಡಿಗೆ ಅಟ್ಟಕ್ಕೇರಿಸುತ್ತ ಜಗಳವಾಡುತ್ತಿದ್ದರಂತೆ. ಅವನ ಗಂಟೆಗೆ ಸುತ್ತಿದ್ದ ಗೋಣಿಚೀಲ ಇನ್ನೂ ಹಾಗೆಯೇ ಇತ್ತಂತೆ. ಇಬ್ಬರನ್ನೂ ಹೊರಗೆ ಎಳೆದು ತರುವಾಗ ಮೌಲಾಸಾಬ, ಕಸ್ತೂರಿಗೆ ಹೇಳಿ ಬಾ ಎಂದು ದ್ಯಾಮಣ್ಣನ ಕೈಯಿಂದಲೇ ಗುಂಡಿ ಒತ್ತಿಸಿದನಂತೆ. ಅವನು ಯಾವ ಸಿಟ್ಟಿನಲ್ಲಿ ಒತ್ತಿದನೋ, ಯಾವ ಸಂತೋಷದಲ್ಲೋ, ಕೇಳಲು ಹೋಗಿಲ್ಲ.

ಎರಡು ದಿನಕ್ಕೆ ನೀರು ಇಳಿಯಿತು. ಹುಣಸೆ ಮರ ಉಳಿಯಿತು, ಚಪ್ಪರ ಹೋಯಿತು. ಸೇತುವೆಯ ಕೆಸರು ಬಳಿದ ಮರುದಿನ ದ್ಯಾಮಣ್ಣ ಸ್ವತಃ ನೀರಿನ ಮನೆಗೆ ಬಂದ. ನನ್ನ ಮುಂದೆ ಒಂದು ಹೊಸ ಗಡಿಗೆ ಇಟ್ಟ. ಆಮೇಲೆ ಮಾಳಿಗೆಯ ಕಡೆ ಮುಖ ಎತ್ತಿ, "ಬಾವುಟದ ಯವ್ವಾ, ನಾಳೆ ನಮ್ಮ ಕಡೆ ಊಟಕ್ಕ ಬರಬೇಕು. ಇಡೀ ಓಣಿ ಕರದೈತಿ," ಅಂದ.

"ನಾನು?" ಅಂದಳು ಹಾಲವ್ವ. "ನಾ ಅಲ್ಲಿಗೆ ಬಂದ್ರ ಇಲ್ಲಿ ಬಾವುಟ..." ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿದಳು.

ಆಗ ನನಗೆ ಹೊಳೆಯಿತು. ಬೆಳಿಗ್ಗೆ ಹಸಿರು, ಸಂಜೆ ಹಸಿರು, ನಡುವೆ ಹೊಳೆ ಕಾಯುವುದು. ಇವಳು ಈ ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಸೇತುವೆ ದಾಟಿರಲಿಲ್ಲ. ಆ ದಂಡೆಯ ಪ್ರತಿ ಮನೆಯ ಕರು, ಹಾಸಿಗೆ, ತಲೆಬಾಚಣಿಗೆ ಗೊತ್ತಿದ್ದವಳ ದನಿ ಆ ದಂಡೆಯಲ್ಲಿ ಒಮ್ಮೆಯೂ ಕೇಳಿಸಿರಲಿಲ್ಲ.

ಮರುದಿನ ಅವಳು ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಸುಣ್ಣದ ಗೆರೆ ನೆರೆಗೆ ತೊಳೆದುಹೋಗಿತ್ತು. ನಾನು ಮುಂದೆ ಹೋಗಿ ತಿರುಗಿ ನೋಡಿದರೆ ಅವಳು ಗೆರೆಯಿದ್ದ ಜಾಗದ ಹಿಂದೆಯೇ ನಿಂತಿದ್ದಳು, ತುಟಿ ಅಲ್ಲಾಡುತ್ತಿತ್ತು, ನನಗೆ ಕೇಳಿಸಲಿಲ್ಲ. ಕೈ ಚಾಚಿದೆ. ಹಿಡಿದುಕೊಂಡು ಒಂದು ಹೆಜ್ಜೆ ಇಟ್ಟಳು.

ಆ ಕಡೆ ಇಡೀ ಓಣಿಯೇ ನಿಂತಿತ್ತು. ಕುರ್ಚಿಯ ಅಜ್ಜಿಯನ್ನು ಈ ಸಲವೂ ಕುರ್ಚಿ ಸಮೇತ ತಂದಿದ್ದರು. ಹಾಲವ್ವ ಏನಾದರೂ ಮಾತಾಡಲಿ ಎಂದು ಎಲ್ಲರೂ ಕಾಯುತ್ತಿದ್ದರು. ಹಾಲವ್ವ ಸೆರಗು ಸರಿಮಾಡಿಕೊಂಡಳು, ಕೆಳಗೆ ನೋಡಿದಳು, ಮೇಲೆ ನೋಡಿದಳು. ಅವಳ ಕಣ್ಣು ಕೆಂಪು ಹಂಚಿನ ಮನೆಯ ಹೆಂಗಸಿನ ಮೇಲೆ ನಿಂತಿತು.

"ಯವ್ವಾ ತಂಗಿ," ಅಂದಳು. ತೆಳ್ಳನೆಯ, ಚಿಕ್ಕ ಹುಡುಗಿಯಂಥ ದನಿ ಅವಳದು. "ಸಿಟ್ಟಿಗೇಳಬ್ಯಾಡ. ನೀ ಸೋಮವಾರಕ್ಕೊಮ್ಮೆ ಒಂದು ಕೆಂಪು ಸೀರಿ ಮನಿ ಮುಂದಿನ ಹಗ್ಗದ ಮ್ಯಾಲ ಒಣಾಕ ಹಾಕ್ತೀಯಲ್ಲ, ಅದನ್ನ ಹಿತ್ತಲದಾಗ ಹಾಕು. ದೂರಿಂದ ನೋಡಿದ್ರ ಯಾರೋ ನನಗ ಬಾವುಟ ಬೀಸಾಕತ್ತಾರಂತ ಜೀವ ಹಾರತೈತಿ. ಹನ್ನೆರಡು ವರ್ಷದಿಂದ ಹೇಳಬೇಕಂತ ಇದ್ದೆ."

ಆ ಹೆಂಗಸೇ ಮೊದಲು ನಕ್ಕಳು, ಹೊಟ್ಟೆ ಹಿಡಿದುಕೊಂಡು, ಅವಳ ಹಿಂದೆ ಇಡೀ ಓಣಿ. ದ್ಯಾಮಣ್ಣನೂ ನಕ್ಕ. ನಮ್ಮ ದಂಡೆಯವರು ಹೊಳೆಯ ಅಂಚಿಗೆ ಬಂದು ನಿಂತು ನೋಡುತ್ತಿದ್ದರು. ಅವರಿಗೆ ನಗು ಕೇಳಿಸಲಿಲ್ಲ. ಅಷ್ಟೊಂದು ಬಾಯಿಗಳು ಒಟ್ಟಿಗೆ ತೆರೆದದ್ದನ್ನು ಕಂಡು, ಏನಾಯಿತೆಂದು ಕೇಳಲು, ಒಬ್ಬೊಬ್ಬರಾಗಿ ಸೇತುವೆಯ ಕಡೆ ಹೊರಟರು.